ಅದೇ ಕಾರು, ಅದೇ ವರ್ಷ, ಬೇರೆ ಬ್ರೇಕು: ಚಿಕ್ಕಮಗಳೂರಿನ ಒಂದು ಪ್ರಕರಣ

ಪುನರ್ವಸು ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ಆಲ್ದೂರು ಕಡೆಯ ಮೇಷ್ಟ್ರು ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿನ ಮುಂದೆ ಕಾರು ತಂದು ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದ ಮೇಲೂ ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ನಾನು ಛತ್ರಿ ತಗೊಂಡು ಹತ್ತಿರ ಹೋದೆ.

“ಬಾಲ ತಿರುಗಿಬಿಡ್ತು ಕಣಪ್ಪ, ಚಾರ್ಮಾಡಿಯಲ್ಲಿ. ಮನೆಯೋರು ಪಕ್ಕದಲ್ಲೇ ಕೂತಿದ್ರು.”

ಉಜಿರೆಯಲ್ಲಿರುವ ಮಗಳ ಮನೆಗೆ ಹೊರಟಿದ್ದರಂತೆ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ದಟ್ಟ ಮಂಜು, ಜೊತೆಗೆ ಮಳೆ. ಅಣ್ಣಪ್ಪಸ್ವಾಮಿಗೆ ಕೈಮುಗಿದು ಮುಂದೆ ಬಂದು ಒಂದು ತಿರುವು ತೆಗೆದುಕೊಳ್ಳುವಷ್ಟರಲ್ಲಿ ಎದುರಿಗೆ ಬಸ್ಸು. ವೇಗ 30ರ ಆಸುಪಾಸು. ಬ್ರೇಕ್ ಒತ್ತಿದ್ದೇ ತಡ, ಕಾರಿನ ಹಿಂಭಾಗ ಎಡಕ್ಕೆ ಜಾರಿ ಮೂತಿ ಬಲಕ್ಕೆ, ಬಸ್ಸಿನ ಕಡೆಗೇ ತಿರುಗಿತು. ಮೇಷ್ಟ್ರು ಗಾಬರಿಯಲ್ಲಿ ಕಾಲು ತೆಗೆದರು, ತೆಗೆದದ್ದೇ ಒಳ್ಳೆಯದಾಯಿತು. ಹಿಂದಿನ ಚಕ್ರ ಮತ್ತೆ ಉರುಳಿ, ಸ್ಟೀರಿಂಗ್ ಮಾತು ಕೇಳಿತು. ಬಸ್ಸಿನವರೂ ನಿಲ್ಲಿಸಿದ್ದರು. ನಡುವೆ ಮೊಳದಷ್ಟು ಜಾಗ ಉಳಿದಿತ್ತಂತೆ.

ಇದನ್ನು ಬರೆಯುವುದಕ್ಕೆ ಕಾರಣ ಇದೆ. ಆ ಕಾರಿನ ಹಿಂದಿನ ಬಲಚಕ್ರದ ಬ್ರೇಕ್ ಕೆಲಸವನ್ನು ಎಂಟು ತಿಂಗಳ ಹಿಂದೆ ಮಾಡಿದ್ದು ನಾನೇ. ಕೆಲಸ ಅಚ್ಚುಕಟ್ಟಾಗಿತ್ತು, ಸೋರಿಕೆ ಇರಲಿಲ್ಲ, ಪೆಡಲ್ ಗಟ್ಟಿಯಾಗಿತ್ತು. ಹಾಕಿದ ಸಾಮಾನು ಮಾತ್ರ ಆ ಕಾರಿನದ್ದಾಗಿರಲಿಲ್ಲ. ಆ ಹೆಸರಿನ ಕಾರಿನದ್ದೇ, ಆ ವರ್ಷದ್ದೇ. ಆದರೆ ಇನ್ನೊಂದು ದರ್ಜೆಯದ್ದು.

ಕಾರು

2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಂಪನಿಯ ಹೆಸರು ಬೇಕಾಗಿಲ್ಲ, ಯಾಕೆಂದರೆ ಆ ಕಾಲದ ಬಹಳಷ್ಟು ಸಣ್ಣ ಕಾರುಗಳ ಕಥೆ ಇದೇ. ಬೇಸ್ ಮಾಡೆಲ್‌ಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುತ್ತಿರಲಿಲ್ಲ, ಟಾಪ್ ಎಂಡ್‌ಗೆ ಇರುತ್ತಿತ್ತು. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಕಾರುಗಳು ಈಗ ಮೂರನೆಯ, ನಾಲ್ಕನೆಯ ಕೈಗೆ ಬಂದು ಎಸ್ಟೇಟ್ ರಸ್ತೆಗಳಲ್ಲಿ, ಘಾಟಿಗಳಲ್ಲಿ ಓಡುತ್ತಿವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಚಕ್ರದ ಹಿಂದೆ ಏನಿದೆ ಅನ್ನುವುದು ಬಿಚ್ಚಿ ನೋಡಿದವರಿಗಷ್ಟೇ ಗೊತ್ತು.

ಮೇಷ್ಟ್ರು ಇದನ್ನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಡಿಕ್ಕಿ ಬಾಗಿಲ ಮೇಲೆ ಟಾಪ್ ಎಂಡ್ ಬ್ಯಾಡ್ಜು, ಕೆಳಗೆ ಅಲಾಯ್ ಚಕ್ರ. ಕಳೆದ ಕಾರ್ತೀಕದಲ್ಲಿ ಹಿಂದಿನ ಬಲಚಕ್ರದ ಒಳಮೈಯಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದೆ ಎಂದು ತಂದರು. ಡ್ರಮ್ ತೆಗೆದರೆ, ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು. ನಾನು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ ಕಾರಿನ ಹೆಸರು, ವರ್ಷ, ಪೆಟ್ರೋಲ್, ಟಾಪ್ ಎಂಡ್ ಅಂತ ಹೇಳಿದೆ. ಅವರ ಹತ್ತಿರ ಒಂದೇ ಒಂದು ಇತ್ತು. ಸಂಜೆಗೆ ಹಾಸನದಲ್ಲಿ ಮದುವೆ, ಮೇಷ್ಟ್ರಿಗೆ ಹೊರಡಲೇಬೇಕಿತ್ತು. ಎಡಗಡೆಯದು ಸೋರುತ್ತಿರಲಿಲ್ಲ. ಬಲಕ್ಕೆ ಒಂದನ್ನು ಹಾಕಿ, ಶೂಗಳನ್ನು ಬದಲಿಸಿ, ಬ್ರೇಕ್ ಪೈಪಿನೊಳಗಿನ ಏರ್ ತೆಗೆದು ಕಳಿಸಿದೆ.

ಅದು ಎಷ್ಟು ಸಲೀಸಾಗಿ ಕೂತಿತು ಅಂದರೆ ಇವತ್ತಿಗೂ ನೆನಪಿದೆ. ಎರಡು ಬೋಲ್ಟಿನ ತೂತು ಸರಿಯಾಗಿ ಎದುರಾಯಿತು. ಪೈಪಿನ ನಟ್ಟು ಬೆರಳಲ್ಲೇ ನಾಲ್ಕು ಸುತ್ತು ಹೋಯಿತು. ಶೂಗಳ ತುದಿ ಪಿಸ್ಟನ್ನಿನ ಸೀಳಿನಲ್ಲಿ ಕೂತವು, ಡ್ರಮ್ ತಟ್ಟದೆ ಒಳಗೆ ಹೋಯಿತು. ಸಂಶಯ ಪಡುವುದಕ್ಕೆ ಒಂದು ಎಳೆಯನ್ನೂ ಅದು ಬಿಟ್ಟಿರಲಿಲ್ಲ. ಒಣ ರಸ್ತೆಯಲ್ಲಿ ಎಂಟು ತಿಂಗಳು ಏನೂ ಗೊತ್ತಾಗಲಿಲ್ಲ.

ಮಣ್ಣಿನ ಮೇಲಿನ ಗೆರೆ

ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ನಾಲ್ಕೂ ಟೈರಿನ ಗಾಳಿ ಸರಿಯಿತ್ತು, ಹಿಂದಿನ ಎರಡೂ ಟೈರು ಒಂದೇ ಕಂಪನಿಯವು, ಹೆಚ್ಚುಕಡಿಮೆ ಒಂದೇ ಸವೆತ. ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದು ಬಿಟ್ಟರೆ ಎರಡೂ ಕಡೆ ಪೂರ್ತಿ ಹಿಂದಕ್ಕೆ ಬರುತ್ತಿತ್ತು. ನಂತರ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಟ್ಟು, ನಮ್ಮ ಹುಡುಗನನ್ನು ಪೆಡಲ್ ಮೇಲೆ ಕೂರಿಸಿದೆ. ಅವನು ಮೆಲ್ಲಗೆ ಒತ್ತುತ್ತಾ ಹೋದ, ನಾನು ಒಂದೊಂದು ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಹೋದೆ. ಬಲಚಕ್ರ ಮೊದಲು ಬಿಗಿಯಾದ ಹಾಗೆ ಅನ್ನಿಸಿತು. ಆದರೆ ಕೈಯ ಅಂದಾಜನ್ನು ನಂಬಿ ಬ್ರೇಕಿನ ವಿಷಯದಲ್ಲಿ ತೀರ್ಮಾನ ಹೇಳುವುದು ಸರಿಯಲ್ಲ. ರೋಲರ್ ಮೇಲೆ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕ್ ಬಲ ಅಳೆಯುವ ಯಂತ್ರ ನಮ್ಮಲ್ಲಿಲ್ಲ.

ಹಾಗಾಗಿ ಪರಿಚಯದವರ ತೋಟದೊಳಗಿನ ಮಣ್ಣುರಸ್ತೆಗೆ ಕಾರು ಒಯ್ದೆ. ಮಳೆ ಸ್ವಲ್ಪ ಬಿಟ್ಟಿತ್ತು, ಕೆಂಪುಮಣ್ಣು ಮೆತ್ತಗಾಗಿ ಟೈರಿನ ಅಚ್ಚು ಹಿಡಿಯುವ ಹದಕ್ಕೆ ಬಂದಿತ್ತು. ಸಮತಟ್ಟು ಜಾಗದಲ್ಲಿ 20ರ ವೇಗಕ್ಕೆ ತಂದು, ಗಟ್ಟಿಯಾಗಿ ಅಲ್ಲ, ಹದವಾಗಿ ಬ್ರೇಕ್ ಒತ್ತಿ ನಿಲ್ಲಿಸಿದೆ. ಇಳಿದು ಹಿಂದಕ್ಕೆ ಹೋಗಿ ಕೂತು ನೋಡಿದೆ. ಎಡಗಡೆಯ ಗೆರೆಯಲ್ಲಿ ಟೈರಿನ ಅಚ್ಚು ಕೊನೆಯವರೆಗೂ ಚಕ್ಕುಲಿ ಒತ್ತಿದ ಹಾಗೆ ಬಿಡಿಬಿಡಿಯಾಗಿ ಮೂಡಿತ್ತು. ಬಲಗಡೆಯದು ಅರ್ಧ ದಾರಿಯವರೆಗೆ ಹಾಗೇ ಇದ್ದು, ಆಮೇಲೆ ಅಚ್ಚು ಅಳಿಸಿ, ಸಗಣಿ ಸಾರಿಸಿದ ನೆಲದಂತೆ ನುಣ್ಣಗೆ ಒಂದು ಮಾರು ಉದ್ದ ಎಳೆದಿತ್ತು. ಚಕ್ರ ನಿಂತಿತ್ತು, ಕಾರು ನಿಂತಿರಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಬಲಕ್ಕೇ.

ಗ್ಯಾರೇಜಿಗೆ ಬಂದು ಎರಡೂ ಡ್ರಮ್ ತೆಗೆದೆವು. ಶೂಗಳ ಮೇಲೆ ಆಯಿಲ್ ಇಲ್ಲ, ಗ್ರೀಸ್ ಇಲ್ಲ. ಶೂ-ಡ್ರಮ್ಮಿನ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಎರಡೂ ಕಡೆ ಆಡುತ್ತಿತ್ತು. ಡ್ರಮ್ಮಿನ ಒಳವ್ಯಾಸ ಎರಡೂ ಕಡೆ ಒಂದೇ, ಡ್ರಮ್ ಮೇಲೆ ಎರಕದಲ್ಲಿ ಬರೆದಿರುವ ಗರಿಷ್ಠ ಅಳತೆಗಿಂತ ಒಳಗೇ ಇತ್ತು. ಉಳಿದದ್ದು ವೀಲ್ ಸಿಲಿಂಡರ್ ಮಾತ್ರ. ಬ್ರೇಕ್ ಕ್ಲೀನರ್ ಹೊಡೆದು, ತಂತಿ ಬ್ರಷ್‌ನಿಂದ ಎಡಗಡೆಯ ಹಳೆಯದರ ಬೆನ್ನು ಉಜ್ಜಿದೆ. ಕಪ್ಪು ಧೂಳು ಹೋದ ಮೇಲೆ ಎರಕದಲ್ಲಿ ಉಬ್ಬಿದ ಅಂಕಿ ಕಂಡಿತು: 11/16. ಬಲಗಡೆಯ, ನಾನೇ ಹಾಕಿದ ಹೊಸದರ ಬೆನ್ನ ಮೇಲೆ 3/4.

ಹುಡುಗ ಕೇಳಿದ, “ಅಣ್ಣ, ಎರಡೂ ನೋಡೋಕೆ ಒಂದೇ ಸೈಜ್ ಇದ್ಯಲ್ಲ?”

ಹೌದು, ಹೊರಮೈ ಒಂದೇ. ಪಿಸ್ಟನ್ ತೆಗೆದು ವರ್ನಿಯರಿನ ಒಳದವಡೆ ಇಟ್ಟು ಅಳೆದೆ. ಎಡದ್ದು 17.46 ಮಿ.ಮೀ., ಬಲದ್ದು 19.05. ಒಂದೂವರೆ ಮಿಲಿಮೀಟರಿಗಿಂತ ಚೂರು ಹೆಚ್ಚು ವ್ಯತ್ಯಾಸ.

11 ಮತ್ತು 12

ಒಂದೂವರೆ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿದರೆ ಹಾಗನ್ನಿಸುವುದಿಲ್ಲ. 3/4 ಇಂಚು ಅಂದರೆ 12/16 ಇಂಚು. ಅಂದರೆ ಒಂದು ಕಡೆ 11, ಇನ್ನೊಂದು ಕಡೆ 12. ಆದರೆ ಬ್ರೇಕ್ ಆಯಿಲ್ ತಳ್ಳುವುದು ಪಿಸ್ಟನ್ನಿನ ಮುಖವನ್ನು, ಅದರ ವಿಸ್ತೀರ್ಣವನ್ನು. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ: 12ರ ವರ್ಗ 144, 11ರ ವರ್ಗ 121. ಭಾಗಿಸಿದರೆ 1.19. ಪೈಪಿನಲ್ಲಿ ಒತ್ತಡ ಎರಡೂ ಕಡೆ ಒಂದೇ ಇದ್ದರೂ ಬಲಗಡೆಯ ಶೂಗಳಿಗೆ ಶೇ. 19ರಷ್ಟು ಹೆಚ್ಚು ನೂಕು. 30 ಬಾರ್ ಒತ್ತಡ ಬಂತು ಅಂದುಕೊಳ್ಳಿ, ಎಡಗಡೆ ಒಂದೊಂದು ಶೂ ಮೇಲೆ ಸುಮಾರು 73 ಕಿಲೋ ಭಾರ, ಬಲಗಡೆ 87. ಮೇಷ್ಟ್ರು ಗಣಿತದವರು. ಈ ಲೆಕ್ಕವನ್ನು ಗ್ಯಾರೇಜಿನ ಕ್ಯಾಲೆಂಡರಿನ ಹಿಂದೆ ಅವರೇ ಬರೆದು ತೋರಿಸಿದ್ದು.

ಒಣಗಿದ ಡಾಂಬರಿನ ಮೇಲೆ ಟೈರಿಗೆ ಹಿಡಿತ ಸಾಕಷ್ಟಿರುತ್ತದೆ, ಈ ಹೆಚ್ಚುವರಿ ನೂಕನ್ನು ತಡೆದುಕೊಳ್ಳುತ್ತದೆ. ಮಳೆಯಲ್ಲಿ ಹಿಡಿತ ಇಳಿಯುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಇನ್ನಷ್ಟು. ಹಿಂದಿನ ಚಕ್ರಗಳ ಮೇಲೆ ಉಳಿಯುವ ಭಾರ ಕಡಿಮೆ. ಇಷ್ಟೂ ಒಂದೇ ಜಾಗದಲ್ಲಿ ಕೂಡುವುದು ಎಲ್ಲಿ? ಜುಲೈ ತಿಂಗಳ ಚಾರ್ಮಾಡಿಯಲ್ಲಿ. ಬಲ ಹಿಂಚಕ್ರ ಮೊದಲು ನಿಂತಿತು. ನಿಂತ ಟೈರಿಗೆ ಅಡ್ಡಕ್ಕೆ ಹಿಡಿಯುವ ಶಕ್ತಿಯೂ ಹೋಗುತ್ತದೆ. ಬಲಗಡೆ ಎಳೆತ ಹೆಚ್ಚು, ಬಾಲಕ್ಕೆ ಹಿಡಿತವಿಲ್ಲ. ಮೂತಿ ಬಲಕ್ಕೆ ತಿರುಗದೆ ಇನ್ನೇನಾಗಬೇಕಿತ್ತು.

“ಎಡಕ್ಕೂ ಅದನ್ನೇ ಹಾಕಿಬಿಡು”

ಲೆಕ್ಕ ಮುಗಿಸಿ ಮೇಷ್ಟ್ರು ಹೇಳಿದರು: “ಸರಿ ಹಾಗಾದ್ರೆ, ಎಡಕ್ಕೂ ದೊಡ್ಡದನ್ನೇ ಹಾಕಿಬಿಡು. ಎರಡೂ ಸಮ ಆಗುತ್ತಲ್ಲ. ಬ್ರೇಕೂ ಜೋರಾಗಿ ಹಿಡಿಯುತ್ತೆ.”

ಈ ಮಾತನ್ನು ನಾನು ಮೆಕ್ಯಾನಿಕ್‌ಗಳ ಬಾಯಲ್ಲೂ ಕೇಳಿದ್ದೇನೆ. ಟಾಪ್ ಎಂಡಿನದ್ದು ಹಾಕಿದರೆ ಒಳ್ಳೆಯದೇ ಅಲ್ಲವೇ ಅನ್ನುವ ನಂಬಿಕೆ. ಸೀಟಿನ ವಿಷಯದಲ್ಲಿ, ಸ್ಪೀಕರಿನ ವಿಷಯದಲ್ಲಿ ಅದು ನಿಜ. ಬ್ರೇಕಿನಲ್ಲಿ ನಿಜವಲ್ಲ, ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಕಾರು ಮಾಡುವವರು ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಮೊದಲು ನಿಲ್ಲುವ ಹಾಗೆ, ಹಿಂದಿನದು ಆಮೇಲೆ ನಿಲ್ಲುವ ಹಾಗೆ ಲೆಕ್ಕ ಹಾಕಿರುತ್ತಾರೆ. ಮುಂದಿನದು ನಿಂತರೆ ಸ್ಟೀರಿಂಗ್ ಕೇಳುವುದಿಲ್ಲ, ಆದರೆ ಕಾರು ನೆಟ್ಟಗೆ ಜಾರುತ್ತದೆ. ಹಿಂದಿನದು ಮೊದಲು ನಿಂತರೆ ಕಾರು ಬುಗುರಿಯಾಗುತ್ತದೆ. ಹಾಗಾಗದಿರಲಿ ಎಂದು ಎಬಿಎಸ್ ಇಲ್ಲದ ಕಾರಿನಲ್ಲಿ ಹಿಂದಕ್ಕೆ ಹೋಗುವ ಆಯಿಲಿನ ದಾರಿಯಲ್ಲಿ ಒಂದು ವಾಲ್ವ್ ಇಟ್ಟಿರುತ್ತಾರೆ. ಒತ್ತಡ ಒಂದು ಮಟ್ಟ ದಾಟಿದ ಮೇಲೆ ಹಿಂದಕ್ಕೆ ಹೋಗುವುದನ್ನು ಅದು ತಗ್ಗಿಸುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಡಲ್ ಒತ್ತಿದಾಗ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರ್ ಹತ್ತಿರ, ಕೆಲವದರಲ್ಲಿ ಹಿಂದಿನ ಆಕ್ಸಲ್ ಮೇಲೆ ಸ್ಪ್ರಿಂಗ್ ಕಟ್ಟಿಕೊಂಡು, ಇನ್ನು ಕೆಲವದರಲ್ಲಿ ವೀಲ್ ಸಿಲಿಂಡರಿನ ಹೊಟ್ಟೆಯೊಳಗೇ ಇರುತ್ತದೆ. ಆ ವಾಲ್ವು, ಸಿಲಿಂಡರಿನ ಬೋರು ಅಂದರೆ ಒಳವ್ಯಾಸ, ಡ್ರಮ್ಮಿನ ಅಳತೆ, ಮುಂದಿನ ಡಿಸ್ಕು, ಎಲ್ಲವೂ ಒಂದಕ್ಕೊಂದು ಮಾತಾಡಿಕೊಂಡು ಕೂತಿರುವಂಥವು.

ಎಬಿಎಸ್ ಜೊತೆಗೆ ಇಬಿಡಿ (ಬ್ರೇಕ್ ಬಲವನ್ನು ಮುಂದಕ್ಕೂ ಹಿಂದಕ್ಕೂ ತಾನೇ ಹಂಚುವ ಏರ್ಪಾಡು) ಇರುವ ಕಾರಿನಲ್ಲಿ ಈ ಕೆಲಸವನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ನಾಲ್ಕೂ ಚಕ್ರದ ಸೆನ್ಸರ್ ವೇಗವನ್ನು ಹೇಳುತ್ತಿರುತ್ತದೆ. ಹಿಂದಿನ ಚಕ್ರ ನಿಧಾನವಾಗಿ, ಜಾರಲು ಶುರುವಾದರೆ ಬಾನೆಟ್ಟಿನ ಕೆಳಗಿನ ಘಟಕ ಆ ಪೈಪಿನ ಒತ್ತಡವನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಕಾವಲಿರುವುದರಿಂದ ಹಿಂದೆ ದೊಡ್ಡ ಬೋರಿನ ಸಿಲಿಂಡರ್ ಕೊಟ್ಟರೂ ನಡೆಯುತ್ತದೆ, ಹಿಂದಿನ ಬ್ರೇಕಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಆ ಸಿಲಿಂಡರನ್ನು ಕಾವಲಿಲ್ಲದ ಕಾರಿಗೆ ಹಾಕಿದರೆ? ಒಂದು ಕಡೆ ಹಾಕಿದ್ದಕ್ಕೆ ಮೂತಿ ತಿರುಗಿತು. ಎರಡೂ ಕಡೆ ಹಾಕಿದ್ದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ನಿಂತು, ಯಾವ ಕಡೆಗೆ ತಿರುಗುತ್ತದೆ ಎಂದು ಹೇಳುವುದಕ್ಕೂ ಆಗುತ್ತಿರಲಿಲ್ಲ. ತೋಟದ ದಾರಿಯಲ್ಲಿ ನಿಧಾನಕ್ಕೆ ಹೋಗುವಾಗ ಎಲ್ಲ ಸಮವಾಗಿದೆ ಅನ್ನಿಸುತ್ತಿತ್ತು, ಅದು ಇನ್ನೂ ಅಪಾಯ.

ಮೇಷ್ಟ್ರು ಪೂರ್ತಿ ಕೇಳಿ, “ಹಾಗಾದ್ರೆ ನನ್ನ ಕಾರಿಗೆ ಎಬಿಎಸ್ ಇಲ್ವಾ? ಇದು ಟಾಪ್ ಎಂಡ್ ಅಂತಲೇ ದುಡ್ಡು ಕೊಟ್ಟಿದ್ದು” ಅಂದರು.

ಬ್ಯಾಡ್ಜು ಹೇಳಿದ್ದು, ಚಾಸಿ ಹೇಳಿದ್ದು

ಇಗ್ನಿಷನ್ ಆನ್ ಮಾಡಿ ಮೀಟರ್ ನೋಡಲು ಹೇಳಿದೆ. ಎಬಿಎಸ್ ಇರುವ ಕಾರಿನಲ್ಲಿ ಕೀ ತಿರುಗಿಸಿದ ಕೂಡಲೇ ಆ ದೀಪ ಹಳದಿಯಾಗಿ ಹತ್ತಿ, ಕೆಲವು ಸೆಕೆಂಡಿನ ಮೇಲೆ ಆರಬೇಕು. ಇಲ್ಲಿ ಹತ್ತಲೇ ಇಲ್ಲ. ಬಲ್ಬ್ ಹೋಗಿರಬಹುದು, ಯಾರಾದರೂ ತೆಗೆದಿರಬಹುದು, ಅದೊಂದನ್ನೇ ನಂಬುವಂತಿಲ್ಲ. ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರಿನಿಂದ ಹೊರಟ ಪೈಪುಗಳ ಮೇಲೆ ಬೆರಳಿಟ್ಟು ಹಿಂಬಾಲಿಸಿದೆವು. ಎಬಿಎಸ್ ಇದ್ದರೆ ಎರಡು ಪೈಪು ಒಂದು ಅಲ್ಯೂಮಿನಿಯಂ ಗಟ್ಟಿಯೊಳಗೆ ಹೋಗಿ, ಅಲ್ಲಿಂದ ನಾಲ್ಕು ಚಕ್ರಕ್ಕೆ ನಾಲ್ಕು ಹೊರಡಬೇಕು. ಅಂಥದ್ದು ಇರಲಿಲ್ಲ. ಮುಂಚಕ್ರದ ಹಿಂದೆ ಕೈ ಹಾಕಿದರೆ ಬ್ರೇಕ್ ಹೋಸ್ ಪಕ್ಕದಲ್ಲಿ ಬರಬೇಕಾದ ಸೆನ್ಸರ್ ತಂತಿಯೂ ಇಲ್ಲ.

ಇಷ್ಟನ್ನು ನೋಡಲು ಐದು ನಿಮಿಷ ಸಾಕಾಯಿತು. ಕಾರ್ತೀಕದಲ್ಲಿ ಆ ಐದು ನಿಮಿಷ ನಾನು ಕೊಟ್ಟಿರಲಿಲ್ಲ. ಬ್ಯಾಡ್ಜು ಓದಿದ್ದೆ, ಅಲಾಯ್ ನೋಡಿದ್ದೆ. ಆರ್‌ಸಿ ತೆಗೆದು ನೋಡಿದರೆ ಮಾಡೆಲ್ ಎಂಬಲ್ಲಿ ಕೊನೆಯ ಅಕ್ಷರಗಳು ಬೇಸ್ ಮಾಡೆಲ್‌ದ್ದು. ಯಾವುದೋ ಕೈಯಲ್ಲಿ ಇದ್ದಾಗ ಬ್ಯಾಡ್ಜು ಅಂಟಿಸಿ ಚಕ್ರ ಬದಲಿಸಿದ್ದಾರೆ. ಬ್ಯಾಡ್ಜಿನ ಅಂಚಿನಲ್ಲಿ ಉಗುರು ಆಡಿಸಿದಾಗ ಕೆಳಗೆ ಹಳೆಯ ಅಕ್ಷರದ ಅಂಟಿನ ಗುರುತು ಸಿಕ್ಕಿತು.

ಆಮೇಲೆ ಚಾಸಿ ನಂಬರ್ ಬರೆದುಕೊಂಡೆ. 17 ಅಕ್ಷರ-ಅಂಕಿಗಳ ಸಾಲು ಅದು. ಅದರಲ್ಲಿ ಐ, ಓ, ಕ್ಯೂ ಬರುವುದೇ ಇಲ್ಲ, 1 ಮತ್ತು 0ಗಳ ಜೊತೆ ಗೊಂದಲ ಆಗಬಾರದು ಅಂತ. ಓ ಥರ ಕಂಡದ್ದು ಸೊನ್ನೆಯೇ. ಆರ್‌ಸಿಯಲ್ಲಿರುವುದನ್ನು ಕಾರಿನ ಮೈಮೇಲೆ ಕೊರೆದಿರುವುದಕ್ಕೆ ಹೋಲಿಸಿ ನೋಡಿ, ಕಂಪನಿಯ ಪಾರ್ಟ್ಸ್ ಕೌಂಟರಿಗೆ ಫೋಟೋ ಕಳಿಸಿದೆ. ಅವರ ಕ್ಯಾಟಲಾಗ್ ಹೆಸರಿನ ಮೇಲೆ ನಡೆಯುವುದಲ್ಲ, ಇಂಥ ಚಾಸಿ ನಂಬರಿನಿಂದ ಇಂಥದ್ದರವರೆಗೆ ಈ ಪಾರ್ಟು ಎಂದು ಇರುತ್ತದೆ. ಒಂದೇ ವರ್ಷದ, ಒಂದೇ ದರ್ಜೆಯ ಕಾರಿನಲ್ಲೂ ನಡುವೆ ಪಾರ್ಟು ಬದಲಾಗಿರಬಹುದು, ಅದಕ್ಕೇ. ಬಂದ ಪಾರ್ಟ್ ನಂಬರಿನ ವೀಲ್ ಸಿಲಿಂಡರ್ 11/16ರದ್ದು.

ಎರಡೂ ಕಡೆ ಹೊಸದು ಹಾಕಿದೆ, ಈ ಸಲ ಡಬ್ಬ ಬಿಚ್ಚಿದ ಕೂಡಲೇ ಬೆನ್ನ ಮೇಲಿನ ಅಂಕಿ ಓದಿ, ವರ್ನಿಯರ್ ಇಟ್ಟ ಮೇಲೆ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದೆವು. ಹಳೆಯದು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮಲೆನಾಡಿನ ಹವೆಯಲ್ಲಿ ಇದನ್ನು ಕಡೆಗಣಿಸುವ ಹಾಗಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ, ಘಾಟಿ ಇಳಿಯುತ್ತಾ ಬ್ರೇಕ್ ಹಿಡಿದೇ ಇದ್ದರೆ ಕುದಿದು ಪೆಡಲ್ ಮೆತ್ತಗಾಗುತ್ತದೆ.

ಈ ಪ್ರಕರಣದ ನಂತರ ಬೇರೆ ಬ್ರೇಕ್ ಸಾಮಾನುಗಳನ್ನೂ ಅದೇ ಕಣ್ಣಿನಿಂದ ನೋಡತೊಡಗಿದ್ದೇನೆ. ಮುಂದಿನ ಡಿಸ್ಕಿನಲ್ಲಿ ತಪ್ಪಾದರೆ ಬಹಳ ಸಲ ಅದೇ ಕೂಗಿ ಹೇಳುತ್ತದೆ: ನಡುವೆ ಗಾಳಿಯ ಗೂಡಿರುವ ದಪ್ಪ ಡಿಸ್ಕನ್ನು ತೆಳು ಡಿಸ್ಕಿನ ಕ್ಯಾಲಿಪರ್ (ಡಿಸ್ಕನ್ನು ಎರಡು ಕಡೆಯಿಂದ ಹಿಡಿಯುವ ಇಕ್ಕಳ) ಒಪ್ಪುವುದಿಲ್ಲ, ದೊಡ್ಡ ಡಿಸ್ಕಿನ ಕ್ಯಾಲಿಪರ್ ಸಣ್ಣ ಚಕ್ರದ ಒಳಮೈಗೆ ತಾಗುತ್ತದೆ. ಸದ್ದಿಲ್ಲದೆ ಕೂರುವುದು ಕ್ಯಾಲಿಪರಿನ ಪಿಸ್ಟನ್. 51 ಮಿ.ಮೀ. ಇರಬೇಕಾದಲ್ಲಿ 54ರದ್ದು ಬಂದರೆ ಆ ಚಕ್ರಕ್ಕೆ ಶೇ. 12ರಷ್ಟು ಹೆಚ್ಚು ಹಿಡಿತ. ವೀಲ್ ಬೇರಿಂಗಿನಲ್ಲಿ ಕಥೆ ತಿರುಗಾಮುರುಗಾ. ಈಚಿನ ಎಬಿಎಸ್ ಕಾರುಗಳಲ್ಲಿ ಬೇರಿಂಗಿನ ಒಂದು ಮುಖದ ಸೀಲಿನಲ್ಲೇ ಆಯಸ್ಕಾಂತದ ಉಂಗುರ ಇರುತ್ತದೆ, ಸೆನ್ಸರ್ ಓದುವುದು ಅದನ್ನು. ಅಳತೆ ಒಂದೇ ಎಂದು ಬೇಸ್ ಮಾಡೆಲಿನ ಬೇರಿಂಗ್ ಒತ್ತಿದರೆ, ಅಥವಾ ಸರಿಯಾದ್ದನ್ನೇ ತಿರುಗುಮುರುಗಾಗಿ ಒತ್ತಿದರೆ, ಎಬಿಎಸ್ ದೀಪ ಹತ್ತಿ ಕೂರುತ್ತದೆ. ಒತ್ತುವ ಮೊದಲು ಆ ಮುಖದ ಮೇಲೆ ಕಾಗದವಿಟ್ಟು ಚೂರು ಕಬ್ಬಿಣದ ಪುಡಿ ಉದುರಿಸಿದರೆ ಸಾಕು, ಉಂಗುರ ಇದ್ದರೆ ಪುಡಿ ಗೆರೆಗೆರೆಯಾಗಿ ನಿಲ್ಲುತ್ತದೆ.

ಈಗ

ಕೆಲಸ ಮುಗಿದ ಮೇಲೆ ಮೊದಲು ಅದೇ ಮಣ್ಣುರಸ್ತೆಗೆ ಹೋದೆವು, ಮೇಷ್ಟ್ರೂ ಬಂದರು. ಎರಡೂ ಗೆರೆಯಲ್ಲಿ ಅಚ್ಚು ಕೊನೆಯವರೆಗೂ ಮೂಡಿತ್ತು. ಇನ್ನೂ ಗಟ್ಟಿಯಾಗಿ ಒತ್ತಿದಾಗ ಮುಂಚಕ್ರದ ಗೆರೆ ಮೊದಲು ಸಾರಿಸಿತು, ಕಾರು ನೆಟ್ಟಗೇ ನಿಂತಿತು. ಮಾರನೆಯ ದಿನ ಗಿರಿ ರಸ್ತೆಯ ಕೈಮರದಿಂದ ಮೇಲಕ್ಕೆ ಹತ್ತಿ, ಮಳೆಯಲ್ಲೇ ಇಳಿಯುತ್ತಾ ನಾಲ್ಕೈದು ಕಡೆ ಒತ್ತಿ ನೋಡಿದೆ. ಮೇಷ್ಟ್ರು ಈಗ ಕೂಲಿ ಕೇಳಬೇಡ ಅನ್ನಲಿಲ್ಲ, ನಾನು ತಗೊಳ್ಳಲಿಲ್ಲ. ಬ್ಯಾಡ್ಜನ್ನು ಅವರೇ ದಾರ ಆಡಿಸಿ ಕಿತ್ತು ನನ್ನ ಮೇಜಿನ ಮೇಲಿಟ್ಟು ಹೋದರು.

ಪಾರ್ಟ್ಸ್ ಅಂಗಡಿಯವರ ಜೊತೆ ಕೂತು ಮಾತಾಡಿದೆ. ಅವರದೂ ತಪ್ಪಲ್ಲ, ನಾನು ಟಾಪ್ ಎಂಡ್ ಅಂದಿದ್ದೆ, ಅವರು ಟಾಪ್ ಎಂಡಿನದ್ದೇ ಕೊಟ್ಟಿದ್ದರು. ಈಗ ಬ್ರೇಕಿನ ಯಾವ ಸಾಮಾನಿಗೂ ಚಾಸಿ ನಂಬರಿನ ಫೋಟೋ ಕಳಿಸುತ್ತೇನೆ, ಹಳೆಯ ಸಾಮಾನಿನ ಬೆನ್ನ ಫೋಟೋವನ್ನೂ.

ಜಾಬ್ ಪುಸ್ತಕ ತೆಗೆದು ಹಿಂದಿನ ಎರಡು ವರ್ಷದ್ದನ್ನು ಓದಿದೆ. ಇದೇ ಹೆಸರಿನ ಕಾರುಗಳಿಗೆ ವೀಲ್ ಸಿಲಿಂಡರ್ ಹಾಕಿದ್ದು ಇನ್ನೆರಡು ಸಿಕ್ಕವು. ಒಂದು ಮೂಡಿಗೆರೆ ರಸ್ತೆಯ ಮೆಡಿಕಲ್ ಶಾಪಿನವರದು; ಕರೆಸಿ ಬಿಚ್ಚಿ ನೋಡಿದೆ, ನಿಜವಾದ ಎಬಿಎಸ್ ಕಾರು, ಎರಡೂ ಕಡೆ 3/4, ಸರಿಯಿತ್ತು. ಇನ್ನೊಂದನ್ನು ಹಳಬರು ಕಡೂರಿನ ಕಡೆ ಮಾರಿಬಿಟ್ಟಿದ್ದಾರೆ. ಮೂರು ಫೋನ್ ದಾಟಿ ಈಗ ಇಟ್ಟುಕೊಂಡಿರುವವರು ಸಿಕ್ಕಿದ್ದಾರೆ. ಘಾಟಿ ಕಡೆ ಹೋಗಬೇಡಿ ಎಂದು ಹೇಳಿದ್ದೇನೆ. ಭಾನುವಾರ ಕಾರು ತರುತ್ತಾರೆ. 11/16ರ ಒಂದು ಜೊತೆ ತರಿಸಿ ಇಟ್ಟಿದ್ದೇನೆ.